ಮಳೆಯ ಲೆಕ್ಕಕ್ಕೊಂದು ಹಲಗೆ

ಕಾಫಿ ಸೀಮೆಯ ಬೆಳೆಗಾರರ ಮನೆಗಳಲ್ಲಿ ದೇವರ ಪಟದಷ್ಟೇ ಕಾಯಮ್ಮಾಗಿ ನೆಲೆಸಿರುವ ಇನ್ನೊಂದು ವಸ್ತು ಮಳೆ ಪುಸ್ತಕ. ಅಂಗಳದಾಚೆ, ಮರದ ನೆರಳು ಬೀಳದ ಕಡೆ ಒಂದು ಮಳೆಮಾಪಕ. ಬೆಳಿಗ್ಗೆ ಎದ್ದ ಯಜಮಾನರು ಅದರ ನೀರನ್ನು ಅಳತೆಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಓದಿ, ಒಳಗೆ ಬಂದು ಪುಸ್ತಕದಲ್ಲಿ ಅಂಕೆ ಬರೆಯುತ್ತಾರೆ. ದೇಶ ಮೆಟ್ರಿಕ್ ಪದ್ಧತಿಗೆ ಬಂದು ಅರವತ್ತು ವರ್ಷ ದಾಟಿದ್ದರೂ ಮೂಡಿಗೆರೆ, ಕಳಸ, ಬಾಳೆಹೊನ್ನೂರಿನ ಕಡೆ ಮಳೆ ಬೀಳುವುದು ಇಂಚು ಮತ್ತು ಸೆಂಟುಗಳಲ್ಲಿಯೇ. ಒಂದು ಇಂಚಿಗೆ ನೂರು ಸೆಂಟು. ಆಕಾಶವಾಣಿ 87.63 ಮಿಲಿಮೀಟರ್ ಎಂದರೆ ಇಲ್ಲಿ ಯಾರ ಮನಸ್ಸಿಗೂ ಮಳೆ ಸುರಿಯುವುದಿಲ್ಲ. ಮೂರು ಇಂಚು ನಲವತ್ತೈದು ಸೆಂಟು ಎಂದರೆ ಛಾವಣಿಯ ಸದ್ದೇ ಕೇಳಿಸುತ್ತದೆ.

ಈ ಅಂಕೆಗಳು ಹವ್ಯಾಸಕ್ಕೆ ಬರೆದವಲ್ಲ. ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಬಿಸಿಲಿನ ನಡುವೆ ಒಂದು ಇಂಚಿನ ಆಸುಪಾಸು ಹೂಮಳೆ ಬಿದ್ದರೆ ವಾರ ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಅದಾದ ಎರಡು ಮೂರು ವಾರಕ್ಕೆ ಹಿಂಬಾಲಿಸಿ ಇನ್ನೊಂದು ಮಳೆ ಬರಬೇಕು; ಬೆಳೆಗಾರರು ಅದನ್ನು ಬ್ಯಾಕಿಂಗ್ ಶವರ್ ಎಂದು ಇಂಗ್ಲಿಷಿನಲ್ಲಿಯೇ ಕರೆಯುತ್ತಾರೆ. ಇವೆರಡರಲ್ಲಿ ಒಂದು ತಪ್ಪಿದರೂ ಆ ವರ್ಷದ ಫಸಲಿನ ಭವಿಷ್ಯವನ್ನು ಏಪ್ರಿಲ್‌ನಲ್ಲಿಯೇ ಹೇಳಿಬಿಡಬಹುದು. ಇನ್ನು ಮಳೆಗಾಲದ ಲೆಕ್ಕಕ್ಕೆ ಬೇರೆಯೇ ಗಾಂಭೀರ್ಯ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಸೀಮೆಯ ಗುಡ್ಡಗಳು ಜಾರಿ ಮನೆ ತೋಟಗಳ ಮೇಲೆ ಬಂದಾಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಇಂಥ ಮಳೆ ಹಿಂದೆ ಯಾವಾಗಲಾದರೂ ಬಂದಿತ್ತೆ? ಉತ್ತರ ಮಳೆ ಪುಸ್ತಕಗಳಲ್ಲಿತ್ತು. ಆದರೆ ಐವತ್ತು ವರ್ಷದ ಪುಟಗಳನ್ನು ತಿರುವಿ, ಬಿಡಿ ದಿನಗಳನ್ನಲ್ಲ, ಏಳೇಳು ದಿನಗಳ ಮೊತ್ತವನ್ನು ಕೂಡುತ್ತ ಹೋಲಿಸುವ ತಾಳ್ಮೆ ಯಾರಿಗಿದೆ?

ಆ ತಾಳ್ಮೆ ಗಣಕಯಂತ್ರಕ್ಕಿದೆ. ಅದಕ್ಕೆ ಹೇಳಿಕೊಡುವ ಕ್ರಮವಿಧಿಯೂ, ಅಂದರೆ ಪ್ರೋಗ್ರಾಮೂ, ಹದಿನೈದು ಇಪ್ಪತ್ತು ಸಾಲಿಗಿಂತ ಹೆಚ್ಚಾಗುವುದಿಲ್ಲ. ಕಳಸದ ಕಡೆಯಿಂದ ಪದವಿಪೂರ್ವ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಅಜ್ಜನ ಕಾಲದ ಮಳೆ ಪುಸ್ತಕಗಳು ಅಟ್ಟದ ಮೇಲಿವೆ. ಬೆಂಗಳೂರಿನ ಸೋದರಮಾವ ಹಳೆಯದೆಂದು ಕೊಟ್ಟುಹೋದ ಲ್ಯಾಪ್‌ಟಾಪ್ ಒಂದಿದೆ. ಅದಕ್ಕೆ ನೆನಪಿನ ಶಕ್ತಿ ಕಡಿಮೆ, ನಾಲ್ಕು ಗಿಗಾಬೈಟು, ಬ್ಯಾಟರಿಗಂತೂ ವೃದ್ಧಾಪ್ಯ. ಪೈಥಾನ್ ಎಂಬ ಭಾಷೆಯನ್ನು ಸ್ವಲ್ಪ ಕಲಿತಿದ್ದಾಳೆ. ಈಗ ಅವಳೆದುರಿನ ಮೊದಲ ಪ್ರಶ್ನೆ ಗಣಿತದ್ದೂ ಅಲ್ಲ, ಹವಾಮಾನದ್ದೂ ಅಲ್ಲ. ಬರೆಯುವುದು ಯಾವುದರಲ್ಲಿ?

ಪ್ರಶ್ನೆ ಚಿಕ್ಕದಾಗಿ ಕಾಣಬಹುದು. ಹಲಗೆ ಯಾವುದಾದರೇನು, ಬಳಪ ಬರೆದರೆ ಸಾಕು ಎನ್ನುವವರಿದ್ದಾರೆ. ಆದರೆ ಗಣಕದಲ್ಲಿ ಹಲಗೆಯೇ ಬರೆದದ್ದನ್ನು ತನ್ನ ಇಷ್ಟದ ಲಿಪಿಗೆ ತಿರುಗಿಸಿಕೊಂಡು ಬಚ್ಚಿಟ್ಟುಕೊಳ್ಳುವುದುಂಟು. ತೊಂಬತ್ತರ ದಶಕದಲ್ಲಿ ಊರೂರಿನ ಕಂಪ್ಯೂಟರ್ ಸೆಂಟರುಗಳಲ್ಲಿ ವರ್ಡ್‌ಸ್ಟಾರ್ ಕಲಿತವರು ನೆನಪಿಸಿಕೊಳ್ಳಲಿ. ಆ ತಂತ್ರಾಂಶ ತನ್ನ ಕಡತದಲ್ಲಿ ಪದಗಳ ಕೊನೆಯಕ್ಷರಕ್ಕೆ ಒಂದು ಗುಟ್ಟಿನ ಗುರುತು ಸೇರಿಸಿಡುತ್ತಿತ್ತು. ಬೇರೆ ತಂತ್ರಾಂಶದಲ್ಲಿ ತೆರೆದರೆ ಪ್ರತಿ ಪದದ ಬಾಲವೂ ವಿಕಾರ. ಇಂದಿನ ವರ್ಡ್ ಕಡತವೂ ಅಷ್ಟೆ, ಅದೊಂದು ಗಂಟು: ಅಕ್ಷರದ ಜೊತೆ ಬಣ್ಣ, ಗಾತ್ರ, ಅಂಚು, ಪುಟಸಂಖ್ಯೆ ಎಲ್ಲವನ್ನೂ ಒಟ್ಟಿಗೆ ಕಟ್ಟಿ ಹಿಂಡಿದ್ದು. ಪತ್ರ ಬರೆಯಲು ಅದು ಸರಿ. ಕ್ರಮವಿಧಿ ಬರೆಯಲು ಸಲ್ಲದು. ಕ್ರಮವಿಧಿಗೆ ಬೇಕಾದ್ದು ಬರಿಯ ಅಕ್ಷರ, ಸಾಲಿನ ಕೊನೆಗೊಂದು ತಿರುವು, ಅಷ್ಟೆ. ಈ ಬರಿಯ ಅಕ್ಷರವನ್ನು ಬರೆಯಲು, ತಿದ್ದಲು, ಉಳಿಸಲು ಇರುವ ಸಾಧನವೇ ಟೆಕ್ಸ್ಟ್ ಎಡಿಟರ್. ಕನ್ನಡದಲ್ಲಿ ಪಠ್ಯ ಸಂಪಾದಕ ಎನ್ನುತ್ತಾರೆ. ಪತ್ರಿಕೆಯ ಸಂಪಾದಕರಿಗೂ ಇದಕ್ಕೂ ಸಂಬಂಧವಿಲ್ಲ. ಇದು ಬಂದದ್ದನ್ನು 'ವಿಷಾದಪೂರ್ವಕವಾಗಿ' ಹಿಂದಿರುಗಿಸುವುದಿಲ್ಲ.

ಬಚ್ಚಿಟ್ಟುಕೊಳ್ಳುವ ಹಲಗೆಯ ಕಷ್ಟವನ್ನು ಕನ್ನಡದವರಷ್ಟು ಅನುಭವಿಸಿದವರು ಕಡಿಮೆ. ಅಂತರರಾಷ್ಟ್ರೀಯ ಸಂಕೇತ ಪದ್ಧತಿಯಾದ ಯೂನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. ಆದರೆ ಮನೆಮನೆಯ ಗಣಕ ಅದನ್ನು ಓದುವಂತಾಗಲು 2001ರ ವಿಂಡೋಸ್ ಎಕ್ಸ್‌ಪಿ ಬರಬೇಕಾಯಿತು. ಕಚೇರಿಗಳಲ್ಲಿ ರೂಢಿಯಾಗಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ಆ ನಡುವಿನ ಕಾಲದಲ್ಲಿ ಕನ್ನಡವನ್ನು ಗಣಕಕ್ಕೆ ತಂದವರು ನಿಜಕ್ಕೂ ಸಾಹಸಿಗರು. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಉಚ್ಚಾರಣೆಯನ್ನು ಅನುಸರಿಸುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿ, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನ 'ಸೇಡಿಯಾಪು' ತಂತ್ರಾಂಶವನ್ನು ಉಚಿತವಾಗಿ ಹಂಚಿದರು. 1998ರ ಜನವರಿಯಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಸರ್ಕಾರದ ನೆರವಿನಿಂದ ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ಬಂತು. ಮೂರಕ್ಕೂ ಕನ್ನಡಿಗರು ಋಣಿಗಳು. ಹಾಗಿದ್ದೂ ಆ ಕಾಲದ ಕಡತಗಳ ಒಳಗಿದ್ದದ್ದು ಕನ್ನಡವಲ್ಲ, ಕನ್ನಡದ ವೇಷ ತೊಟ್ಟ ಇಂಗ್ಲಿಷ್ ಸಂಕೇತಗಳು. ನುಡಿಯಲ್ಲಿ 'ಕನ್ನಡ' ಎಂದು ಹೊಡೆದು, ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ತೆರೆದವರಿಗೆ ಇದು ಗೊತ್ತು: ಒಂದು ಪಿ, ಅದರ ಪಕ್ಕ ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷರ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಡೊಂಕು ಅಕ್ಷರ, ಒಂದು ಕ್ಯೂ, ಮತ್ತೆ ಎ. ನಾಡಿನ ಹೆಸರಿಗೆ ಒದಗಿದ ಈ ಸ್ಥಿತಿಯನ್ನು ನೋಡಿ ನಗುವುದೋ ಅಳುವುದೋ ತಿಳಿಯುತ್ತಿರಲಿಲ್ಲ.

ಇದು ಬರಿಯ ತಾಂತ್ರಿಕ ತೊಡಕಲ್ಲ, ಭಾಷೆಯ ಅಳಿವು ಉಳಿವಿನ ಮಾತು ಎಂದು ಗಟ್ಟಿಯಾಗಿ ಹೇಳಿದವರಲ್ಲಿ ಒಬ್ಬರು ಮೂಡಿಗೆರೆಯಲ್ಲಿಯೇ ಇದ್ದರು. ಪೂರ್ಣಚಂದ್ರ ತೇಜಸ್ವಿಯವರನ್ನು ಜನ ಬಲ್ಲದ್ದು ಕಾದಂಬರಿಗಳಿಂದ, ಹಕ್ಕಿಯ ಚಿತ್ರಗಳಿಂದ, ಮೀನಿನ ಗಾಳದಿಂದ. ಆದರೆ ಕೊನೆಯ ವರ್ಷಗಳಲ್ಲಿ ಅವರ ಮನಸ್ಸನ್ನು ಬಹಳವಾಗಿ ಹಿಡಿದಿದ್ದ ವಿಷಯ ಕನ್ನಡದ ತಂತ್ರಾಂಶ. ಗಣಕದೊಳಗೆ ಸಹಜವಾಗಿ ನಡೆದಾಡಲಾರದ ಭಾಷೆ ಮುಂದೆ ಹೊರಗೂ ನಡೆದಾಡಲಾರದು ಎಂಬುದು ಅವರ ಆತಂಕ. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕಾಗಿ ಹಾಸನದ ಮಾರುತಿ ತಂತ್ರಾಂಶ ಅಭಿವೃದ್ಧಿಗಾರರು ಸಿದ್ಧಪಡಿಸಿದ 'ಕುವೆಂಪು' ಕನ್ನಡ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. ಕಾಫಿ ತೋಟದ ನಡುವೆ ಕುಳಿತ ಸಾಹಿತಿಯೊಬ್ಬ ಅಕ್ಷರ ಸಂಕೇತಗಳ ಬಗ್ಗೆ ತಲೆಕೆಡಿಸಿಕೊಂಡದ್ದು ಆಗ ಕೆಲವರಿಗೆ ವಿಚಿತ್ರವಾಗಿ ಕಂಡಿರಬೇಕು. 2007ರ ಏಪ್ರಿಲ್ 5ರಂದು ಅವರು ತೀರಿಕೊಂಡರು. ಆಮೇಲೆ ಯೂನಿಕೋಡ್ ಮನೆಮಾತಾಯಿತು; ಈಗ ಕಳಸದ ಸಂತೆಯಲ್ಲಿ ನಿಂತು ಮೊಬೈಲಿನಲ್ಲಿ ಕನ್ನಡ ಒತ್ತುವ ಯಾರಿಗೂ ಅದೊಂದು ಸಮಸ್ಯೆಯಾಗಿತ್ತೆಂಬ ನೆನಪೇ ಇಲ್ಲ. ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಅರವಿಂದ ವಿ. ಕೆ. ಮೊದಲಾದವರು ಬರೆದು ಮುಕ್ತವಾಗಿ ಬಿಟ್ಟಿದ್ದಾರೆ. ಆದರೂ ಎಷ್ಟೋ ಸಂಘಗಳ ನಡಾವಳಿ, ಎಷ್ಟೋ ಹಸ್ತಪ್ರತಿ ಇಂದಿಗೂ ಆ ಪಿ ಮತ್ತು ಪೌಂಡಿನ ವೇಷದಲ್ಲಿಯೇ ಸಿ.ಡಿ.ಗಳೊಳಗೆ ಮಲಗಿವೆ.

ಹೀಗಾಗಿ ಆ ಹುಡುಗಿಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅಜ್ಜ ಶಾಯಿಯಲ್ಲಿ ಬರೆದದ್ದು ಐವತ್ತು ವರ್ಷದ ನಂತರವೂ ಓದಲು ಬರುತ್ತದೆ. ಅವಳು ಬರೆದದ್ದಕ್ಕೂ ಆ ಭಾಗ್ಯವಿರಬೇಕು.

ಇನ್ನು 'ಫ್ರೀ' ಎಂಬ ಪದ. ಇಂಗ್ಲಿಷಿನಲ್ಲಿ ಈ ಒಂದು ಪದ ಎರಡು ಅರ್ಥ ಹೊತ್ತು ಬಹಳ ಗೊಂದಲ ಮಾಡಿದೆ. ಕನ್ನಡಕ್ಕೆ ಆ ಬಡತನವಿಲ್ಲ. ಪುಕ್ಕಟೆ ಬೇರೆ, ಸ್ವತಂತ್ರ ಬೇರೆ. ಅಂಗಡಿಯಾತ ಹಬ್ಬಕ್ಕೆ ಕೊಡುವ ಕ್ಯಾಲೆಂಡರು ಪುಕ್ಕಟೆ. ಬಾವಿಯ ನೀರು ಸ್ವತಂತ್ರ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದಾಗ ಹೇಳಿದ್ದು ಎರಡನೆಯದನ್ನು. ತಂತ್ರಾಂಶದ ಒಳಗುಟ್ಟಾದ ಮೂಲ ಆಕರ ಬಳಸುವವನ ಕೈಗೂ ಸಿಗಬೇಕು, ಅವನು ಅದನ್ನು ಓದಬಹುದು, ತಿದ್ದಬಹುದು, ನೆರೆಯವನಿಗೂ ಕೊಡಬಹುದು. ಆ ಯೋಜನೆಯ ಮೊದಲ ದೊಡ್ಡ ಫಲವೇ ಒಂದು ಟೆಕ್ಸ್ಟ್ ಎಡಿಟರ್, 1985ರ ಗ್ನೂ ಇಮ್ಯಾಕ್ಸ್. ಸ್ವತಂತ್ರ ತಂತ್ರಾಂಶದ ಚಳವಳಿ ಹಲಗೆಯಿಂದಲೇ ಆರಂಭವಾದದ್ದು ಆಕಸ್ಮಿಕವಲ್ಲ. ಬಡಗಿ ಮೊದಲು ಮಾಡಿಕೊಳ್ಳುವುದು ಉಳಿಯ ಹಿಡಿಯನ್ನೇ ಅಲ್ಲವೆ?

ಈ ವ್ಯತ್ಯಾಸ ಪುಸ್ತಕದ ಬದನೆಕಾಯಿಯಲ್ಲ ಎಂಬುದಕ್ಕೆ ಎರಡು ನಿದರ್ಶನ. 'ಬರಹ' ಮೊದಲ ವರ್ಷಗಳಲ್ಲಿ ಪುಕ್ಕಟೆಯಾಗಿತ್ತು, ಮುಂದೆ ಹಣಕೊಟ್ಟು ಕೊಳ್ಳುವ ತಂತ್ರಾಂಶವಾಯಿತು. ಅದರಲ್ಲಿ ತಪ್ಪೇನಿಲ್ಲ, ಮಾಡಿದವರಿಗೆ ಬೆಲೆ ಕಟ್ಟುವ ಹಕ್ಕಿದೆ. ಇನ್ನೊಂದು, ಅಮೆರಿಕದ ಗಿಟ್‌ಹಬ್ ಸಂಸ್ಥೆ 2014ರಲ್ಲಿ ಬಿಟ್ಟ 'ಆಟಮ್' ಎಂಬ ಚೆಂದದ ಎಡಿಟರ್. ಲಕ್ಷಾಂತರ ಜನ ಅದಕ್ಕೆ ಒಗ್ಗಿಕೊಂಡರು. 2018ರಲ್ಲಿ ಆ ಸಂಸ್ಥೆಯನ್ನು ಮೈಕ್ರೋಸಾಫ್ಟ್ ಕೊಂಡಿತು. ಮೈಕ್ರೋಸಾಫ್ಟ್ ಬಳಿ ಅದಾಗಲೇ 2015ರಿಂದ ತನ್ನದೇ ಆದ ವಿಎಸ್ ಕೋಡ್ ಇತ್ತು. 2022ರ ಡಿಸೆಂಬರ್‌ನಲ್ಲಿ ಆಟಮ್ ಬಾಗಿಲು ಮುಚ್ಚಿತು. ಆದರೆ ಅದರ ಆಕರ ಮುಕ್ತವಾಗಿದ್ದುದರಿಂದ ಅದನ್ನು ಎತ್ತಿಕೊಂಡು ಮುಂದುವರಿಸುವವರಿಗೆ ದಾರಿಯಿತ್ತು. ಪುಕ್ಕಟೆ ಮಾತ್ರ ಆಗಿದ್ದರೆ ಅದೂ ಇರುತ್ತಿರಲಿಲ್ಲ.

ಇಮ್ಯಾಕ್ಸಿನ ಎದುರಾಳಿ ವಿ-ಐ. ಇದರ ಹುಟ್ಟಿನ ಕಥೆ ಮಲೆನಾಡಿನವರಿಗೆ ಹಿಡಿಸುವಂಥದ್ದು. 1976ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್ ಇದನ್ನು ಬರೆದರು. ಮನೆಯಿಂದ ವಿಶ್ವವಿದ್ಯಾಲಯದ ಗಣಕಕ್ಕೆ ಅವರಿಗಿದ್ದದ್ದು ಟೆಲಿಫೋನ್ ತಂತಿ, ಅದರ ವೇಗ ಸೆಕೆಂಡಿಗೆ 300 ಬಿಟ್, ಅಂದರೆ ಸುಮಾರು 30 ಅಕ್ಷರ. ಆ ಕಾಲದ ತೆರೆಯಲ್ಲಿ 24 ಸಾಲು, ಸಾಲಿಗೆ 80 ಅಕ್ಷರ. ಒಂದು ತೆರೆ ತುಂಬಲು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು. ಇಂಥ ದಾರಿದ್ರ್ಯದಲ್ಲಿ ಹುಟ್ಟಿದ ಎಡಿಟರ್ ಮಿತವ್ಯಯಿಯಾಗದೆ ಇರುತ್ತದೆಯೆ? ಒಂದಕ್ಷರ ಒತ್ತಿದರೆ ಒಂದು ಪದ ಹೋಗಬೇಕು, ಎರಡೊತ್ತಿದರೆ ಒಂದು ಸಾಲು. ಕೀಲಿಮಣೆಯ ಒಂದೇ ಕೀಲಿ ಒಮ್ಮೆ ಅಕ್ಷರ, ಇನ್ನೊಮ್ಮೆ ಆಜ್ಞೆ. ಹೊಸಬರು ಗಾಬರಿಯಾಗುವುದು ಇಲ್ಲಿಯೇ. ಅದರೊಳಗೆ ಹೊಕ್ಕವರಿಗೆ ಹೊರಬರಲು ತಿಳಿಯದೆ ಗಣಕವನ್ನೇ ಆರಿಸಿದ ಕಥೆಗಳು ಬೇಕಾದಷ್ಟು. ಹೊರಬರುವುದು ಹೇಗೆಂಬ ಒಂದೇ ಪ್ರಶ್ನೆಯನ್ನು ಸ್ಟಾಕ್ ಓವರ್‌ಫ್ಲೋ ಎಂಬ ತಾಣದಲ್ಲಿ ನೋಡಿದವರ ಸಂಖ್ಯೆ 2017ರಲ್ಲಿ ಹತ್ತು ಲಕ್ಷ ದಾಟಿತು. ಚಕ್ರವ್ಯೂಹ ಹೊಕ್ಕ ಅಭಿಮನ್ಯುವಿಗೆ ಈ ಸೌಲಭ್ಯವಿರಲಿಲ್ಲ.

ವಿ-ಐಯ ಸುಧಾರಿತ ರೂಪ ವಿಮ್. ಹಾಲೆಂಡಿನ ಬ್ರಾಮ್ ಮೋಲೆನಾರ್ ಇದನ್ನು 1991ರಲ್ಲಿ ಬಿಟ್ಟರು. ಪೈಥಾನ್ ಭಾಷೆಯೂ ಇನ್ನೊಬ್ಬ ಹಾಲೆಂಡಿಗನಿಂದ ಅದೇ ವರ್ಷ ಬಂತು. ಮೋಲೆನಾರ್ ತೊಂಬತ್ತರ ದಶಕದಲ್ಲಿ ಉಗಾಂಡದ ಕಿಬಾಲೆ ಎಂಬಲ್ಲಿನ ಮಕ್ಕಳ ಕೇಂದ್ರದಲ್ಲಿ ಸ್ವಯಂಸೇವಕರಾಗಿದ್ದರು. ವಿಮ್ ತೆರೆದೊಡನೆ ಉಗಾಂಡದ ಬಡಮಕ್ಕಳಿಗೆ ನೆರವಾಗಿ ಎಂಬ ಒಂದು ಸಾಲು ಕಾಣುವುದು ಆ ಕಾರಣಕ್ಕೆ. ಬೆಲೆಯೆಂದು ಅವರು ಕೇಳಿದ್ದು ಅಷ್ಟೇ, ಅದೂ ಕೊಡಲೇಬೇಕೆಂದಿಲ್ಲ. 2023ರ ಆಗಸ್ಟ್ 3ರಂದು ಅವರು ತೀರಿಕೊಂಡಾಗ ಅವರಿಗೆ 62 ವರ್ಷ. ಜೊತೆಗಿದ್ದವರು ಮಾರನೆಯ ದಿನವೇ ಕೆಲಸ ಮುಂದುವರಿಸಲು ಅಡ್ಡಿಯಿರಲಿಲ್ಲ. ಒಬ್ಬನ ಶ್ರಮವಾದರೂ ಒಬ್ಬನ ಸೊತ್ತಾಗಿರಲಿಲ್ಲ ನೋಡಿ.

ಕಾಫಿ ಸೀಮೆಯಲ್ಲಿ ಎಡಿಟರನ್ನು ಪರೀಕ್ಷಿಸುವ ನಿಜವಾದ ವಿಧಾನ ಜುಲೈ ತಿಂಗಳು. ಗಾಳಿಗೆ ಮರ ತಂತಿಯ ಮೇಲೆ ಬಿತ್ತೆಂದರೆ ಕರೆಂಟು ಯಾವಾಗ ಬರುತ್ತದೆಂದು ಮರ ಕಡಿಯಲು ಹೋದ ಲೈನ್‌ಮನ್ನಿಗೂ ಗೊತ್ತಿರುವುದಿಲ್ಲ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆ ಕ್ಷಣಕ್ಕೇ ಕಪ್ಪಾಗುತ್ತದೆ. ಅಷ್ಟು ಹೊತ್ತು ಹೊಡೆದ ಮಳೆಯ ಲೆಕ್ಕ? ವಿಮ್ ತಾನಾಗಿಯೇ ಒಂದು ಪಕ್ಕದ ಕಡತ ಇಟ್ಟುಕೊಂಡು, ಇನ್ನೂರು ಅಕ್ಷರಗಳಿಗೊಮ್ಮೆ ಅಥವಾ ಕೈ ನಾಲ್ಕು ಸೆಕೆಂಡು ನಿಂತಾಗ, ಬರೆದದ್ದನ್ನು ಅಲ್ಲಿ ಇಳಿಸುತ್ತಿರುತ್ತದೆ. ಇಮ್ಯಾಕ್ಸ್ ಮುನ್ನೂರು ಕೀಲಿಗಳಿಗೊಮ್ಮೆ ಅಥವಾ ಮೂವತ್ತು ಸೆಕೆಂಡಿನ ಬಿಡುವಿಗೊಮ್ಮೆ ಅದೇ ಕೆಲಸ ಮಾಡುತ್ತದೆ. ವಿಂಡೋಸ್‌ಗೆಂದೇ ಇರುವ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಏಳು ಸೆಕೆಂಡಿಗೊಮ್ಮೆ. ಕರೆಂಟು ಬಂದು ಮತ್ತೆ ತೆರೆದರೆ ಕಳೆದುಹೋಗಿರುವುದು ಹೆಚ್ಚೆಂದರೆ ಒಂದೆರಡು ಸಾಲು. ಕ್ಯಾಲಿಫೋರ್ನಿಯಾದ ತಜ್ಞರು ಎಡಿಟರುಗಳನ್ನು ಹೋಲಿಸುವಾಗ ಬಣ್ಣ, ಮೆನು, ಬಾಲಂಗೋಚಿಗಳನ್ನೇ ಎಣಿಸುತ್ತಾರೆ. ಈ ಗುಣಕ್ಕೆ ಅಂಕ ಕೊಡುವುದು ಮೂಡಿಗೆರೆಯವರೇ ಇರಬೇಕು.

ಎರಡನೆಯ ಪರೀಕ್ಷೆ ಕನ್ನಡ. ಇಲ್ಲಿ ಸ್ವಲ್ಪ ಪಾಠ ಮಾಡದೆ ವಿಧಿಯಿಲ್ಲ. ಯೂನಿಕೋಡನ್ನು ಕಡತದಲ್ಲಿ ಇಡುವ ರೂಢಿಯ ವಿಧಾನಕ್ಕೆ ಯುಟಿಎಫ್-8 ಎಂದು ಹೆಸರು. ಇದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. 'ಮಳೆ' ಎಂದರೆ ಮ, ಳ ಮತ್ತು ಎತ್ವದ ಚಿಹ್ನೆ: ಮೂರು ಸಂಕೇತ, ಒಂಬತ್ತು ಬೈಟ್. 'ಸ್ತ್ರೀ' ನೋಡಲು ಒಂದೇ ಅಕ್ಷರ. ಒಳಗೆ ಸ, ವಿರಾಮ, ತ, ವಿರಾಮ, ರ, ದೀರ್ಘ ಎಂದು ಆರು ಸಂಕೇತ, ಹದಿನೆಂಟು ಬೈಟ್. ಈ ಆರನ್ನು ಕೂಡಿಸಿ ಒತ್ತಕ್ಷರವಾಗಿ ಕಟ್ಟುವ ಕೆಲಸ ಎಡಿಟರಿನದು. ಇಂಗ್ಲಿಷಿಗೆಂದು ಹುಟ್ಟಿದ ಎಡಿಟರುಗಳು ತೆರೆಯನ್ನು ಚೌಕಳಿ ಕಾಗದದಂತೆ ನೋಡುತ್ತವೆ, ಮನೆಗೊಂದು ಅಕ್ಷರ. ಕನ್ನಡದ ಅಕ್ಷರ ಮನೆಯೊಳಗೆ ಕೂರುವ ಜಾತಿಯದಲ್ಲ. ಕೆಳಗೆ ಒತ್ತು ಇಳಿಬಿಟ್ಟು, ಪಕ್ಕಕ್ಕೆ ದೀರ್ಘ ಚಾಚಿ, ನೆರೆಮನೆಗೂ ಕಾಲಿಡುತ್ತದೆ. ಕಪ್ಪು ಟರ್ಮಿನಲ್ ಕಿಟಕಿಯೊಳಗೆ ವಿಮ್ ತೆರೆದು ಕನ್ನಡ ನೋಡಿದರೆ ಒತ್ತುಗಳು ಕಳಚಿಬಿದ್ದು ಪ್ರಯಾಸವಾಗುವುದು ಇದಕ್ಕೇ. ಇಮ್ಯಾಕ್ಸ್ ಈ ವಿಷಯದಲ್ಲಿ ಉದಾರಿ. 2020ರ 27ನೆಯ ಆವೃತ್ತಿಯಿಂದ ಅದು ಅಕ್ಷರ ಕಟ್ಟಲು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು ಬಳಸುತ್ತದೆ. ಕನ್ನಡ ಬರೆಯುವ ಕೀಲಿಮಣೆ ಪದ್ಧತಿಗಳೂ ಅದರೊಳಗೇ ಇವೆ.

ಕ್ರಮವಿಧಿಯಲ್ಲಿ ಕನ್ನಡ ಏಕೆ ಬೇಕು ಎಂದು ಕೇಳಬಹುದು. ಬೇಕೇ ಬೇಕೆಂದಲ್ಲ, ಆದರೆ ಸಾಧ್ಯವಿದೆ. ಪೈಥಾನಿನ ಮೂರನೆಯ ಆವೃತ್ತಿಯಿಂದೀಚೆಗೆ 'ಮಳೆ' ಎಂದೇ ಒಂದು ಚರಾಕ್ಷರಕ್ಕೆ ಹೆಸರಿಡಬಹುದು, 'ಒಟ್ಟು' ಎಂದು ಇನ್ನೊಂದಕ್ಕೆ. ಅಜ್ಜ ಪುಸ್ತಕದಲ್ಲಿ ಬರೆದಂತೆ ೩೪೫ ಎಂದು ಕನ್ನಡದ ಅಂಕೆಯನ್ನೇ ಕೊಟ್ಟು ಪೂರ್ಣಾಂಕವಾಗಿ ತಿರುಗಿಸೆಂದರೆ ಪೈಥಾನ್ ತಕರಾರಿಲ್ಲದೆ 345 ಎಂದು ತೆಗೆದುಕೊಳ್ಳುತ್ತದೆ! ಇದನ್ನು ಮೊದಲ ಸಲ ಕಂಡ ವಿದ್ಯಾರ್ಥಿಗಳ ಮುಖ ನೋಡಬೇಕು. ಆದರೆ ಒಂದು ಎಚ್ಚರಿಕೆ. 'ಎಸ್ಟೇಟ್‌ಮಳೆ' ಎಂದು ಹೆಸರಿಟ್ಟು ನೋಡಿ, ಕ್ರಮವಿಧಿ ಮುಗ್ಗರಿಸುತ್ತದೆ. ಟಕಾರಕ್ಕೆ ಮಕಾರ ಒತ್ತಾಗಿ ಅಂಟದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಹಾಕಿರುತ್ತೇವಲ್ಲ, ಅಗಲವೇ ಇಲ್ಲದ ಅಗಲಿಕೆಯ ಗುರುತು, ಅದನ್ನು ಪೈಥಾನ್ ಹೆಸರಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ತಪ್ಪು ಎಲ್ಲಿದೆಯೆಂದು ಕಣ್ಣಿಗೆ ಕಾಣದು. ಇಂಥ ಸಂದರ್ಭದಲ್ಲಿ ಮಾತ್ರ ಮುರುಕು ಕನ್ನಡದ ವಿಮ್ ಉಪಕಾರಿ. ಅದು ಆ ಅದೃಶ್ಯ ಸಂಕೇತವನ್ನು ಆವರಣದೊಳಗೆ ಅದರ ಸಂಖ್ಯೆ ಸಮೇತ ಬಯಲಿಗೆಳೆದು ತೋರಿಸುತ್ತದೆ. ರೋಗಿಗೆ ಅಂದವಾದ ಫೋಟೊ ಬೇಕು, ವೈದ್ಯನಿಗೆ ಎಕ್ಸ್‌ರೇ.

ವಿಂಡೋಸ್ ಜೊತೆಗೇ ಬರುವ ಬಡ ನೋಟ್‌ಪ್ಯಾಡ್ ಬಗ್ಗೆ ಒಂದು ಮಾತು. 2019ಕ್ಕೆ ಮುಂಚೆ ಅದು ಬೇರೆ ಹೇಳದಿದ್ದರೆ ಹಳೆಯ ಸಂಕೇತ ಪದ್ಧತಿಯಲ್ಲಿಯೇ ಉಳಿಸುತ್ತಿತ್ತು. ಕನ್ನಡವಿದೆ, ಕಳೆದುಹೋದೀತು ಎಂದು ಎಚ್ಚರಿಸುತ್ತಿತ್ತು, ನಿಜ. ಇಂಗ್ಲಿಷಿನ ಆ ಎಚ್ಚರಿಕೆಯನ್ನು ಓದದೆ 'ಸರಿ' ಒತ್ತಿದವರ ಕಡತದಲ್ಲಿ ಮಾರನೆಯ ದಿನ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳು. ಹಳೆಯ ಲ್ಯಾಪ್‌ಟಾಪುಗಳಲ್ಲಿ ಹಳೆಯ ವಿಂಡೋಸ್ ಇರುವುದು ಸಹಜವಾದ್ದರಿಂದ ಇದು ಸತ್ತ ಕಥೆಯಲ್ಲ. ಉಳಿಸುವಾಗ ಯುಟಿಎಫ್-8 ಎಂದು ಆರಿಸುವುದನ್ನು ಕೈ ತೊಳೆಯುವಷ್ಟು ಅಭ್ಯಾಸ ಮಾಡಿಕೊಳ್ಳಬೇಕು.

ಈಗ ಎಲ್ಲೆಲ್ಲೂ ಕೇಳುವ ಹೆಸರು ವಿಎಸ್ ಕೋಡ್. ಎಂಜಿನಿಯರಿಂಗ್ ಕಾಲೇಜಿಗೆ ಹೋದ ಅಣ್ಣಂದಿರೆಲ್ಲ ಅದನ್ನೇ ಹೇಳುತ್ತಾರೆ. ಒಳ್ಳೆಯದೇ, ಕನ್ನಡವನ್ನೂ ಚೆನ್ನಾಗಿ ತೋರಿಸುತ್ತದೆ, ತಪ್ಪಿಗೆ ಕೆಂಪು ಗೆರೆ ಎಳೆಯುತ್ತದೆ, ಅರ್ಧ ಪದ ಬರೆದರೆ ಉಳಿದರ್ಧ ತಾನೇ ಹೇಳುತ್ತದೆ. ಅದರ ಮೂಲ ಆಕರ ಮುಕ್ತ. ಆದರೆ ಮೈಕ್ರೋಸಾಫ್ಟ್ ಇಳಿಸಿಕೊಳ್ಳಲು ಕೊಡುವ ಸಿದ್ಧರೂಪಕ್ಕೆ ಅದರದೇ ಪರವಾನಗಿ, ಬಳಕೆಯ ಮಾಹಿತಿಯನ್ನು ಸಂಸ್ಥೆಗೆ ಕಳಿಸುವ ಏರ್ಪಾಟು ಬೇರೆ. ಅದಿಲ್ಲದೆ ಅದೇ ಆಕರದಿಂದ ಕಟ್ಟಿದ ವಿಎಸ್ ಕೋಡಿಯಮ್ ಎಂಬ ರೂಪವೂ ಸಿಗುತ್ತದೆ. ನಮ್ಮ ಹುಡುಗಿಗೆ ಅಡ್ಡಿ ಬೇರೆಯದು. ಇಳಿಸಿಕೊಳ್ಳಲು ನೂರು ಮೆಗಾಬೈಟಿನಷ್ಟು ಭಾರ, ಒಳಗೆ ಒಂದು ಇಡೀ ಬ್ರೌಸರನ್ನೇ ಹೊತ್ತುಕೊಂಡ ರಚನೆ. 2020ರ ಲಾಕ್‌ಡೌನ್ ಕಾಲದಲ್ಲಿ ಪಾಠ ಕೇಳಲು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದ ಮಕ್ಕಳ ಊರುಗಳಿವು. ನಾಲ್ಕು ಗಿಗಾಬೈಟಿನ ಗಣಕದಲ್ಲಿ ಅದು ಏದುಸಿರು ಬಿಡುತ್ತ ಓಡುತ್ತದೆ. ಹತ್ತು ಮೂಟೆ ಕಾಫಿಗೆ ಹದಿನಾರು ಚಕ್ರದ ಲಾರಿ ತರಿಸಿದ ಹಾಗೆ.

ಅವಳಿಗೆ ಸರಿಹೋಗುವುದು ಜೀಪು. ವಿಂಡೋಸ್ ಇದ್ದರೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್. ಡಾನ್ ಹೋ ಎಂಬವರು 2003ರಲ್ಲಿ ಬಿಟ್ಟ ಸ್ವತಂತ್ರ ತಂತ್ರಾಂಶ, ಹತ್ತು ಮೆಗಾಬೈಟಿಗೂ ಕಡಿಮೆ. ತೆರೆಯುವುದೂ ಕ್ಷಣದಲ್ಲಿ, ಕಡತ ಯಾವ ಸಂಕೇತದಲ್ಲಿದೆಯೆಂದು ಕೆಳಗಿನ ಪಟ್ಟಿಯಲ್ಲಿ ಸದಾ ತೋರಿಸುತ್ತಿರುತ್ತದೆ. ಕನ್ನಡದ ಕಡತಗಳೊಡನೆ ಏಗುವವರಿಗೆ ಈ ಒಂದು ಪಟ್ಟಿಯೇ ಅರ್ಧ ರಾಜ್ಯ. ಲಿನಕ್ಸ್ ಇದ್ದರೆ 2005ರಿಂದ ಬಂದಿರುವ ಜೀನಿ, ಅದೂ ಸ್ವತಂತ್ರ, ಅದೂ ಹಗುರ. ಒತ್ತಕ್ಷರಗಳನ್ನು ಸರಿಯಾಗಿ ಕಟ್ಟುತ್ತದೆ, ಒಂದು ಕೀಲಿ ಒತ್ತಿದರೆ ಕ್ರಮವಿಧಿಯನ್ನು ಓಡಿಸಿಯೂ ತೋರಿಸುತ್ತದೆ. ಹಳೆಯ ಯಂತ್ರವಾದರೆ ಲಿನಕ್ಸ್ ಮತ್ತು ಜೀನಿಯ ಜೋಡಿಯನ್ನೇ ಮೊದಲು ಹೇಳಬೇಕು. ಆರು ತಿಂಗಳು ಕಳೆದು ಕೈ ಪಳಗಿದ ಮೇಲೆ ದಿನಕ್ಕೆ ಹತ್ತು ನಿಮಿಷದಂತೆ ವಿಮ್ ಕಲಿತರೆ ನಷ್ಟವಿಲ್ಲ. ಜಗತ್ತಿನ ಯಾವ ಮೂಲೆಯ ಲಿನಕ್ಸ್ ಗಣಕದೆದುರು ಕುಳಿತರೂ ಅದೋ ಅದರ ತಮ್ಮನೋ ಅಲ್ಲಿರುತ್ತದೆ. ಇಮ್ಯಾಕ್ಸ್ ಮಾತ್ರ ಇನ್ನೂ ತಡೆಯಲಿ. ಅದು ಎಡಿಟರಿಗಿಂತ ಹೆಚ್ಚಾಗಿ ಒಂದು ಸಂಸಾರ, ಹೊಕ್ಕರೆ ನಿಭಾಯಿಸಬೇಕು. ವಿಮ್ ದೊಡ್ಡದೋ ಇಮ್ಯಾಕ್ಸ್ ದೊಡ್ಡದೋ ಎಂಬ ವ್ಯಾಜ್ಯ ನಲವತ್ತು ವರ್ಷಗಳಿಂದ ನಡೆದಿದೆ. ಅರೇಬಿಕಾ ಹೆಚ್ಚೋ ರೋಬಸ್ಟಾ ಹೆಚ್ಚೋ ಎಂಬ ವ್ಯಾಜ್ಯವನ್ನು ಕೇಳಿ ಬೆಳೆದವರಿಗೆ ಅದರಲ್ಲಿ ಹೊಸದೇನೂ ಸಿಗದು.

ಶಾಲೆಗಳ ಗಣಕ ಕೊಠಡಿಗಳಲ್ಲಿ ಈ ಮಾತೇ ಬರುವುದಿಲ್ಲವೆಂಬುದು ಬೇಸರದ ಸಂಗತಿ. ಅಲ್ಲಿ ಗಣಕ ಎಂದರೆ ಪತ್ರ ಟೈಪು ಮಾಡುವ, ಬಣ್ಣದ ಸ್ಲೈಡು ಕೂಡಿಸುವ ಯಂತ್ರ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷಗಳ ಹಿಂದೆಯೇ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿದವು. ತೇಜಸ್ವಿಯವರ 'ಕರ್ವಾಲೊ'ದಲ್ಲಿ ಜೇನು ಹಿಡಿಯುವ ಮಂದಣ್ಣನ ಒಳಗೊಬ್ಬ ಜೀವವಿಜ್ಞಾನಿಯನ್ನು ಕರ್ವಾಲೊ ಗುರುತಿಸುತ್ತಾರಲ್ಲ, ಅಂಥ ಮಂದಣ್ಣರು ಈಗಲೂ ಕೊನೆಯ ಬೆಂಚಿನಲ್ಲಿ ಕುಳಿತಿರುತ್ತಾರೆ. ಅವರ ಕೈಗೆ ಸಿಗಬೇಕಾದ್ದು ಬಿಚ್ಚಿ ನೋಡಬಹುದಾದ ಯಂತ್ರ. ಮೊಹರು ಹಾಕಿದ ಪೆಟ್ಟಿಗೆಯಲ್ಲ.

ಮಳೆ ಪುಸ್ತಕಕ್ಕೆ ಬರೋಣ. ಅವಳ ಕಡತದಲ್ಲಿ ಸಾಲಿಗೊಂದು ದಿನ: ಮೊದಲು ವರ್ಷ, ತಿಂಗಳು, ತಾರೀಖು, ಒಂದು ತೆರಪು, ಆಮೇಲೆ ಸೆಂಟುಗಳಲ್ಲಿ ಮಳೆ. ಇಂಚು ಬೇರೆ ಸೆಂಟು ಬೇರೆ ಬರೆಯುವ ಗೋಜು ಬೇಡ, 3 ಇಂಚು 45 ಸೆಂಟನ್ನು 345 ಎಂದೇ ಬರೆಯಲಿ. ಸಾಲಿಗೆ ಹದಿನೈದು ಬೈಟ್. ವರ್ಷಕ್ಕೆ ನೂರೈವತ್ತು ಮಳೆಯ ದಿನವೆಂದು ಹಿಡಿದರೆ ಐವತ್ತು ವರ್ಷಕ್ಕೆ 7500 ಸಾಲು, ಒಟ್ಟು 1,12,500 ಬೈಟ್. ಅರ್ಧ ಶತಮಾನದ ಮಳೆ ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಫೋಟೊದ ಚಿಕ್ಕ ಮೂಲೆಯಷ್ಟು ಜಾಗದಲ್ಲಿ ಕೂತುಬಿಡುತ್ತದೆ. ಅದನ್ನು ಇಂದಿನ ಯಾವ ಎಡಿಟರಿನಲ್ಲಿಯೂ ತೆರೆಯಬಹುದು, 1976ರ ವಿ-ಐಯಲ್ಲಿಯೂ ಓದಬಹುದಿತ್ತು. ಏಳೇಳು ದಿನಗಳ ಮೊತ್ತ ತೆಗೆದು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸೆಂದರೆ ಆ ಮುದಿ ಲ್ಯಾಪ್‌ಟಾಪೂ ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತದೆ. ಹೊತ್ತು ಹಿಡಿಯುವುದು ಹೊಡೆಯುವುದಕ್ಕೆ ಮಾತ್ರ. ದಿನಕ್ಕೆ ನೂರು ಸಾಲಿನಂತೆ ಎಪ್ಪತ್ತೈದು ದಿನ. ಜೂನ್ ಮೊದಲ ವಾರ ಕುಳಿತರೆ ಆಗಸ್ಟ್ ನಡುವಿಗೆ ಮುಗಿದೀತು. ಅಟ್ಟದಲ್ಲಿ ಗೆದ್ದಲು ಹಿಡಿದ ಪುಸ್ತಕಗಳಿದ್ದರೆ ಅವನ್ನು ಮೊದಲು ಕೆಳಗಿಳಿಸಬೇಕು.